ಅರಳುಮರಳಿಗೆ ವಯಸ್ಸೊಂದೇ ಕಾರಣವೇ?

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಾವೆಲ್ಲರೂ ನಗುತ್ತ ಆಡಿಕೊಂಡು ಬಂದಿದ್ದೇವೆ. ಮುಪ್ಪಿನ ಮರೆವಿಗೆ ವಯಸ್ಸೊಂದೇ ಕಾರಣವೆಂಬ ಭಾವನೆ ಈ ಮಾತಿನಲ್ಲಿ ಅಡಗಿದೆ. ಆದರೆ ತಾರುಣ್ಯದಲ್ಲಿ ತಲೆಗೆ ಬಿದ್ದ ಪೆಟ್ಟೂ ಅದಕ್ಕೊಂದು ಕಾರಣವಾಗಬಲ್ಲುದೆಂದು ವೈದ್ಯಶಾಸ್ತ್ರ ಇಂದು ಎಚ್ಚರಿಸುತ್ತಿದೆ.

ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಷ್ಟು ಹಿಂದೆಯೇ, ಪದೇ ಪದೇ ಪೆಟ್ಟು ತಿಂದ ಮುಷ್ಟಿಯುದ್ಧಪಟುಗಳ ನಡೆ ತಡವರಿಸುವುದನ್ನೂ ಬುದ್ಧಿ ಮಂಕಾಗುವುದನ್ನೂ ಗುರುತಿಸಿ ಬರೆದರು. ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞಮಂಡಲಿಯು 2020ರಲ್ಲಿ ತಲೆಯ ಪೆಟ್ಟನ್ನು ಡಿಮೆನ್ಷಿಯಾ, ಅಂದರೆ ಮರೆಗುಳಿ ರೋಗದ, ನಿವಾರಿಸಬಹುದಾದ ಕಾರಣಗಳ ಸಾಲಿಗೆ ಸೇರಿಸಿತು. 2024ರ ವರದಿಯ 14 ಕಾರಣಗಳಲ್ಲಿಯೂ ಅದು ಉಳಿದಿದೆ. ಪೆಟ್ಟು ತಿಂದವರಿಗೆಲ್ಲ ಈ ರೋಗ ಬಂದೇ ತೀರುವುದೆಂದು ಇದರ ಅರ್ಥವಲ್ಲ. ಪೆಟ್ಟು ಬಲವಾದಷ್ಟೂ, ಮರುಕಳಿಸಿದಷ್ಟೂ ಅಪಾಯ ಹೆಚ್ಚುವುದೆಂಬುದೇ ಅದರ ತಾತ್ಪರ್ಯ.

ನಮ್ಮ ಸೀಮೆಗೆ ಈ ವಿಷಯ ದೂರದ್ದಲ್ಲ. ಹಳಿಯಾಳ ಕುಸ್ತಿಗೆ ಹೆಸರಾದ ಊರು. ಜೋಯಿಡಾದಲ್ಲಿ ಅಡಿಕೆಮರವೇರಿ ಬದುಕು ಸಾಗಿಸುವವರುಂಟು. ದಾಂಡೇಲಿ, ಮುಂಡಗೋಡಗಳ ಕಾಡುದಾರಿಯ ತಿರುವುಗಳಲ್ಲಿ ತರುಣರು ಬರಿದಲೆಯಲ್ಲಿ ಬೈಕು ಓಡಿಸುವುದನ್ನು ಎಲ್ಲರೂ ಕಂಡಿದ್ದೇವೆ. ಗರಡಿ ಬೇಡ, ಆಟ ಬೇಡ ಎಂದು ನಾನು ಹೇಳಲಾರೆ. ದೇಹದಾರ್ಢ್ಯವಿಲ್ಲದ ವಿದ್ಯೆ ಅಪೂರ್ಣ. ಎಚ್ಚರವಿರಲಿ ಎಂಬುದಷ್ಟೇ ನನ್ನ ವಿನಂತಿ.

ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕಬಡ್ಡಿಯಲ್ಲಿ ತಲೆಯಡಿಯಾಗಿ ಬಿದ್ದು ಕ್ಷಣಕಾಲ ಎಚ್ಚರ ತಪ್ಪಿದ ವಿದ್ಯಾರ್ಥಿಯೊಬ್ಬನಿಗೆ ನೀರು ಚಿಮುಕಿಸಿ, ‘ಗಂಡುಮಗ ಅದೀಯಲ್ಲ, ಏಳು’ ಎಂದು ಮತ್ತೆ ಅಂಕಣಕ್ಕೆ ಕಳುಹಿಸಿದೆ. ತಂಡ ಗೆದ್ದಿತು, ನಾನು ಹಿಗ್ಗಿದೆ. ‘ರಾತ್ರಿಯೆಲ್ಲ ಆಟ ಮುಗಿಯಿತೇ, ಆಟ ಮುಗಿಯಿತೇ ಎಂದು ಕೇಳುತ್ತಲೇ ಇದ್ದ’ ಎಂದು ಅವನ ತಾಯಿ ಮರುದಿನ ಹೇಳಿದಾಗ ನನ್ನ ಹಿಗ್ಗು ಇಳಿಯಿತು. ಆತ ಇಂದು ಕುಶಲನಾಗಿದ್ದಾನೆ. ಅದು ಅವನ ಪುಣ್ಯವೇ ಹೊರತು ನನ್ನ ವಿವೇಕವಲ್ಲ.

ಆಚರಿಸಬೇಕಾದ ಕ್ರಮ ಸರಳವಾದುದು. ತಲೆಗೆ ಪೆಟ್ಟಾದ ಮಗು ಅಂದು ಮತ್ತೆ ಆಡಕೂಡದು; ವೈದ್ಯರು ಒಪ್ಪಿದ ಮೇಲೆಯೇ ಮೈದಾನಕ್ಕೆ ಮರಳಬೇಕು. ಎಚ್ಚರ ತಪ್ಪಿದರೆ, ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಧ್ಯಾಪಕ ಬಂಧುಗಳು ಇದನ್ನು ನಿಯಮವಾಗಿ ಪಾಲಿಸಲಿ. ಹಳೆಯ ವಿದ್ಯಾರ್ಥಿಗಳು ಹೆಲ್ಮೆಟ್ ಧರಿಸಿ ಕಿರಿಯರಿಗೆ ಮಾದರಿಯಾಗಲಿ. ದಾನಿಗಳು ಕಟ್ಟಡದೊಡನೆ ಆಟದ ಅಂಕಣಕ್ಕೆ ಮೆತ್ತನೆಯ ಹಾಸನ್ನೂ ನೆನೆಯಲಿ. ನಾವು ಕಲಿಸುವ ವಿದ್ಯೆಯೆಲ್ಲ ನಿಲ್ಲಬೇಕಾದುದು ಮಗುವಿನ ನೆನಪಿನಲ್ಲಿ. ಆ ನೆನಪನ್ನು ಕಾಯುವುದೂ ಗುರುವಿನ ಕರ್ತವ್ಯವೇ.