ಎಂಜಿನ್ನಿಗೂ ಬೇಸಿಗೆ ಇದೆ



ರತ್ನಗಿರಿ ಎಂಬ ಹೆಸರಿನ ಊರು ಕೊಂಕಣದ ಕಡಲತೀರದಲ್ಲೂ ಇದೆ. ಅಲ್ಲಿ ಮೀನುಗಾರರ ಡೀಸೆಲ್ ದೋಣಿಗಳು ಸಮುದ್ರಕ್ಕೆ ಇಳಿಯುತ್ತವೆ. ನಮ್ಮದು ಮಡಕಶಿರಾ ಸೀಮೆಯ ಕೋಟೆ ರತ್ನಗಿರಿ. ಇಲ್ಲಿ ಕಡಲಿಲ್ಲ, ಕೆರೆ ತುಂಬಿದರೇ ಹಬ್ಬ. ಹಾಗಾದರೆ ಹಡಗಿನ ಎಂಜಿನ್ ವಿಚಾರ ನಮಗ್ಯಾಕೆ ಅಂತ ಕೇಳಬಹುದು. ಹಡಗಿನ ಎಂಜಿನ್, ದೋಣಿಯ ಎಂಜಿನ್, ನಮ್ಮ ಹೊಲದ ಟ್ರ್ಯಾಕ್ಟರ್ ಎಂಜಿನ್, ಮೂರೂ ಒಂದೇ ವಂಶದವು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಓಡಿಸಿ ತೋರಿಸಿದ ಎಂಜಿನ್ನೇ ಇವುಗಳ ಮೂಲ. 1912ರ ಹೊತ್ತಿಗೆ ಅದು ‘ಸೆಲಾಂಡಿಯಾ’ ಎಂಬ ಹಡಗನ್ನು ಯುರೋಪಿನಿಂದ ಏಷ್ಯಾದವರೆಗೆ ತಂದಿತ್ತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಈ ಎಂಜಿನ್ ಇಷ್ಟು ಡೀಸೆಲ್ ಕುಡಿಯುತ್ತೆ, ಇಷ್ಟು ಹೊಗೆ ಬಿಡುತ್ತೆ ಅಂತ ಯಾರಾದರೂ ಒಂದು ಸಂಖ್ಯೆ ಹೇಳಿದರೆ, “ಯಾವ ಹವೆಯಲ್ಲಿ ಅಳೆದದ್ದು?” ಅಂತ ನೀವು ಕೇಳಲೇಬೇಕು. ಹವೆ ಹೇಳದ ಸಂಖ್ಯೆ ಅರ್ಧ ಸಂಖ್ಯೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಬಿಗಿಯಾಗಿ ಒತ್ತುತ್ತದೆ, ಗಾಳಿ ಕಾಯುತ್ತದೆ, ಆ ಕಾವಿಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಅಂದರೆ ಎಂಜಿನ್ನಿನ ಮುಖ್ಯ ಆಹಾರ ಗಾಳಿಯೇ! ಆದರೆ ಸಿಲಿಂಡರ್ ಗಾಳಿಯನ್ನು ತೂಕ ಮಾಡಿ ತೆಗೆದುಕೊಳ್ಳುವುದಿಲ್ಲ, ತನ್ನ ಗಾತ್ರ ತುಂಬುವಷ್ಟು ಎಳೆದುಕೊಳ್ಳುತ್ತದೆ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ಅಷ್ಟೇ ಜಾಗದಲ್ಲಿ ಕಡಿಮೆ ತೂಕದ ಗಾಳಿ ಹಿಡಿಯುತ್ತದೆ.

ಲೆಕ್ಕ ಮಾಡಿ ನೋಡೋಣ. ಡಿಸೆಂಬರ್ ಬೆಳಗ್ಗೆ 16 ಡಿಗ್ರಿ, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಅಂತ ಇಟ್ಟುಕೊಳ್ಳಿ. ಎರಡಕ್ಕೂ 273 ಕೂಡಿಸಿ: 289 ಮತ್ತು 313. 289ನ್ನು 313ರಿಂದ ಭಾಗಿಸಿದರೆ ಸುಮಾರು 0.92. ಬೇಸಿಗೆಯಲ್ಲಿ ಅದೇ ಸಿಲಿಂಡರಿಗೆ ಶೇಕಡ 8ರಷ್ಟು ಗಾಳಿ ಕಡಿಮೆ! ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿ ಇರುವುದರಿಂದ ಇನ್ನೊಂದು ಶೇಕಡ 7ರಷ್ಟು ಖೋತಾ. ಗಾಳಿ ಕಡಿಮೆಯಾಗಿ ಡೀಸೆಲ್ ಅಷ್ಟೇ ಬಿದ್ದರೆ ಏನಾಗುತ್ತೆ? ಅರ್ಧಂಬರ್ಧ ಉರಿದ ಇಂಗಾಲ ಕಪ್ಪು ಹೊಗೆಯಾಗಿ ಹೊರಬರುತ್ತೆ, ಎಳೆಯುವ ಶಕ್ತಿ ತಗ್ಗುತ್ತೆ. ಚಳಿಗಾಲದ ತೊಂದರೆ ಬೇರೆ. ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗ ಡೀಸೆಲ್ ಸರಿಯಾಗಿ ಹೊತ್ತಿಕೊಳ್ಳದೆ ಬಿಳಿ ಹೊಗೆ ಬರುತ್ತೆ.

ಹಡಗಿನ ಎಂಜಿನ್ನಿಗೆ ಟರ್ಬೋಚಾರ್ಜರ್ ಇರುತ್ತಲ್ಲ, ಅದು ಗಾಳಿಯನ್ನು ಒತ್ತಿ ತುಂಬುತ್ತಲ್ಲ ಅಂತ ನೀವು ಕೇಳಬಹುದು. ನಿಜ. ಆದರೆ ಒತ್ತಿದ ಗಾಳಿ ವಿಪರೀತ ಕಾಯುತ್ತೆ, ಅದನ್ನು ತಣಿಸಲು ಕೊನೆಗೆ ಸಮುದ್ರದ ನೀರೇ ಗತಿ. ಹಾಗಾಗಿ ಹಡಗಿಗೆ ಗಾಳಿಯ ಋತುವಿನ ಜೊತೆ ನೀರಿನ ಋತುವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನ ಮುಂದಿನ ಕಡಲು ಏಪ್ರಿಲ್–ಮೇ ತಿಂಗಳಲ್ಲಿ ಸುಮಾರು 30 ಡಿಗ್ರಿ ಇರುತ್ತದೆ. ಯುರೋಪಿನ ಉತ್ತರದ ಕಡಲು ಚಳಿಗಾಲದಲ್ಲಿ 5 ಡಿಗ್ರಿಗೂ ಇಳಿಯುತ್ತದೆ. ತಣ್ಣನೆಯ ಕಡಲಿಂದ ಬಿಸಿ ಕಡಲಿಗೆ ಬಂದ ಹಡಗಿಗೆ ಅದೇ ಕೆಲಸಕ್ಕೆ ಶೇಕಡ ಒಂದೆರಡರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಒಂದೆರಡು ಅಂದರೆ ಅಲ್ಪ ಅನ್ನಿಸಬಹುದು. ದಿನಕ್ಕೆ 50 ಟನ್ ಸುಡುವ ಹಡಗಾದರೆ ಶೇಕಡ 2 ಅಂದರೆ ದಿನಕ್ಕೊಂದು ಟನ್! ಒಂದು ಟನ್ ಇಂಧನ ಉರಿದರೆ ಮೂರು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್.

ಇನ್ನು ನೈಟ್ರೋಜನ್ ಆಕ್ಸೈಡುಗಳು. ಉರಿಯ ಕಾವು ಹೆಚ್ಚಿದಷ್ಟೂ ಇವು ಹೆಚ್ಚು ಹುಟ್ಟುತ್ತವೆ. ಗಾಳಿಯಲ್ಲಿ ತೇವ ಇದ್ದರೆ ನೀರಾವಿ ಸ್ವಲ್ಪ ಕಾವು ಹೀರಿಕೊಂಡು ಇವನ್ನು ತಗ್ಗಿಸುತ್ತದೆ. ಕರಾವಳಿಯ ಮಳೆಗಾಲಕ್ಕೆ ಈ ಅನುಕೂಲ ಉಂಟು, ನಮ್ಮ ಅನಂತಪುರ ಸೀಮೆಯ ಒಣ ಬಿಸಿಲಿಗೆ ಇಲ್ಲ.

ಈಗ ಸಂಖ್ಯೆಗಳ ವಿಷಯಕ್ಕೆ ಬನ್ನಿ. ಹಡಗಿನ ಎಂಜಿನ್ ತಯಾರಕರು ಇಂಧನದ ಖರ್ಚನ್ನು ಸಾಮಾನ್ಯವಾಗಿ 25 ಡಿಗ್ರಿ ಗಾಳಿ, 25 ಡಿಗ್ರಿ ತಣಿಸುವ ನೀರು ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಎಲ್ಲ ಕಡಲಲ್ಲೂ ಓಡಾಡುವ ಹಡಗಾದರೆ ಅದರ ಎಂಜಿನ್ 45 ಡಿಗ್ರಿ ಗಾಳಿ, 32 ಡಿಗ್ರಿ ಸಮುದ್ರದ ನೀರಿನಲ್ಲೂ ಕೆಲಸ ಮಾಡಬೇಕೆಂಬ ನಿಯಮವೂ ಇದೆ. ಹೊಗೆಗೂ ಮಿತಿ ಇದೆ. 2011ರಿಂದ ಕಟ್ಟಿದ ಹಡಗುಗಳ ನಿಧಾನಗತಿಯ ದೊಡ್ಡ ಎಂಜಿನ್ನುಗಳು ಒಂದು ಕಿಲೋವ್ಯಾಟ್-ಗಂಟೆಗೆ 14.4 ಗ್ರಾಮ್‌ಗಿಂತ ಹೆಚ್ಚು ನೈಟ್ರೋಜನ್ ಆಕ್ಸೈಡ್ ಬಿಡಬಾರದು. ಪರೀಕ್ಷೆಯಲ್ಲಿ ಅಳೆದದ್ದನ್ನು ಗಾಳಿಯ ತೇವ, ಉಷ್ಣತೆ ನೋಡಿ ತಿದ್ದಿ, ಎಲ್ಲ ಎಂಜಿನ್ನುಗಳನ್ನೂ ಒಂದೇ ಅಳತೆಗೋಲಿಗೆ ತರುತ್ತಾರೆ. ಎಂಜಿನ್ ಎಂಜಿನ್ನಿಗೆ ಹೋಲಿಸಲು ಇದು ನ್ಯಾಯವೇ, ನನ್ನ ತಕರಾರಿಲ್ಲ. ಆದರೆ ಬಂದರಿನ ಪಕ್ಕದ ಮನೆಯ ಮಗು ಉಸಿರಾಡುವುದು ತಿದ್ದಿದ ಹೊಗೆಯನ್ನಲ್ಲ, ಆ ದಿನದ ಹೊಗೆಯನ್ನು. ಆದ್ದರಿಂದ ಬೇಸಿಗೆಯ ಸಂಖ್ಯೆ, ಚಳಿಗಾಲದ ಸಂಖ್ಯೆ ಎರಡನ್ನೂ ಜನರಿಗೆ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಟ್ರ್ಯಾಕ್ಟರ್, ಜನರೇಟರ್ ಮಾರುವವರಿಗೂ ಇದೇ ಮಾತು. ಬಿಸಿಲು ಜಾಸ್ತಿಯಾಗುತ್ತಿರುವ ಕಾಲದಲ್ಲಿ 25 ಡಿಗ್ರಿಯ ಸಂಖ್ಯೆ ಹಿಡಿದುಕೊಂಡು ನಮ್ಮ ರೈತ ಏನು ಮಾಡಬೇಕು?

ನೀವು ಮಾಡಬಹುದಾದ ಕೆಲಸವೂ ಇದೆ. ಶಾಲೆಯ ಥರ್ಮಾಮೀಟರನ್ನು ನೆರಳಲ್ಲಿಟ್ಟು ಬೆಳಗ್ಗೆ, ಮಧ್ಯಾಹ್ನ ಉಷ್ಣತೆ ಬರೆದುಕೊಳ್ಳಿ. ಮೇಲಿನ ಹಾಗೆ ಲೆಕ್ಕ ಮಾಡಿ, “ಇವತ್ತು ಮಧ್ಯಾಹ್ನ ಎಂಜಿನ್ನಿಗೆ ಶೇಕಡ ಇಷ್ಟು ಗಾಳಿ ಕಡಿಮೆ” ಅಂತ ಹಲಗೆಯ ಮೇಲೆ ಬರೆಯಿರಿ. ಜೂನ್‌ನಿಂದ ಮಾರ್ಚ್‌ವರೆಗೆ ಬರೆದರೆ ನಿಮ್ಮೂರಿನದೇ ಒಂದು ಪಟ್ಟಿ ಸಿದ್ಧ. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಕಪ್ಪು ಹೊಗೆ ಬಿಟ್ಟರೆ ಡೀಸೆಲ್ ಕಲಬೆರಕೆ, ಮೆಕ್ಯಾನಿಕ್ ಮೋಸ ಅಂತ ಬೈಯುವ ಮೊದಲು ಏರ್ ಫಿಲ್ಟರಿನ ಧೂಳು ತೆಗೆಸಿ ಅಂತ ಮನೆಯಲ್ಲಿ ಹೇಳಿ. ತೆಳ್ಳಗಿನ ಗಾಳಿಗೆ ಧೂಳೂ ಅಡ್ಡ ನಿಂತರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ.