ಸೀಟಿಯ ಸಂಬಳ ಮತ್ತು ಸಾಲದ ಕಂತು

ಪದವಿ ಮುಗಿಸಿದ ಕ್ರೀಡಾಪಟು ಯುವಕನೊಬ್ಬ ಬಿ.ಪಿ.ಎಡ್. ಸೇರುತ್ತೇನೆಂದು ಮನೆಯಲ್ಲಿ ಹೇಳಿದರೆ ಎರಡು ಬಗೆಯ ಉತ್ತರಗಳು ಬರುತ್ತವೆ. ಮಕ್ಕಳನ್ನು ಆಡಿಸಲು ಪದವಿ ಯಾಕೆ ಎಂಬುದು ಒಂದು. ಸಾಲ ಮಾಡಿಯಾದರೂ ಸೇರು, ಸರಕಾರಿ ಕೆಲಸ ಸಿಕ್ಕಿದರೆ ಬದುಕು ಭದ್ರ ಎಂಬುದು ಇನ್ನೊಂದು. ಮೊದಲನೆಯದು ಅಜ್ಞಾನ, ಎರಡನೆಯದು ಜೂಜು. ಇವೆರಡರ ನಡುವೆ ಕುಳಿತು ಲೆಕ್ಕ ಹಾಕುವವರೇ ಇಲ್ಲ. ಆದ್ದರಿಂದ ಆ ಲೆಕ್ಕವನ್ನು ನಾವೇ ಹಾಕೋಣ.

ಶುಲ್ಕ, ಹಾಸ್ಟೆಲ್, ಊಟ, ಶೂ, ಸಮವಸ್ತ್ರ ಎಲ್ಲ ಸೇರಿ ವರ್ಷಕ್ಕೆ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡು ವರ್ಷಕ್ಕೆ ಎರಡು ಲಕ್ಷ ಸಾಲ, ಬಡ್ಡಿ ಶೇಕಡಾ 11. ವ್ಯಾಸಂಗದ ಅವಧಿಯಲ್ಲೂ ಆ ಬಳಿಕದ ಒಂದು ವರ್ಷವೂ ಕಂತು ಕಟ್ಟಬೇಕಾಗಿಲ್ಲ ಎಂದು ಬ್ಯಾಂಕಿನವರು ಹೇಳುತ್ತಾರೆ. ಹುಡುಗನಿಗೆ ಕೇಳಿಸುವುದು ಅಷ್ಟೇ. ಆದರೆ ಕಂತಿಗೆ ವಿರಾಮವಿದೆಯೇ ಹೊರತು ಬಡ್ಡಿಗೆ ವಿರಾಮವಿಲ್ಲ. ಆ ಮೂರು ವರ್ಷಗಳಲ್ಲಿ ಸರಳ ಬಡ್ಡಿಯೇ 55 ಸಾವಿರವಾಗುತ್ತದೆ. ಮರುಪಾವತಿ ಆರಂಭವಾಗುವಾಗ ಎರಡು ಲಕ್ಷದ ಸಾಲ ಎರಡು ಲಕ್ಷ 55 ಸಾವಿರವಾಗಿ ಎದುರು ನಿಂತಿರುತ್ತದೆ. ಏಳು ವರ್ಷದಲ್ಲಿ ತೀರಿಸಹೊರಟರೆ ತಿಂಗಳಿಗೆ ಸುಮಾರು 4,370 ರೂಪಾಯಿ. ಒಟ್ಟು ಕಟ್ಟಿದ್ದು ಮೂರು ಲಕ್ಷ 67 ಸಾವಿರ.

ಇನ್ನು ಆದಾಯದ ಕಡೆಗೆ ಬರೋಣ. ಕೇಂದ್ರೀಯ ವಿದ್ಯಾಲಯದ ದೈಹಿಕ ಶಿಕ್ಷಣ ಶಿಕ್ಷಕನಿಗೆ ಏಳನೆಯ ವೇತನ ಆಯೋಗದ ಪ್ರಕಾರ ಆರಂಭಿಕ ಮೂಲವೇತನ 44,900 ರೂಪಾಯಿ. ಅಂಥವನಿಗೆ ಈ ಕಂತು ಭಾರವೇ ಅಲ್ಲ. ಕಾಲೇಜುಗಳು ತೋರಿಸುವುದು ಆತನನ್ನೇ. ಆದರೆ ಅದೇ ಪದವಿ ಪಡೆದು ಪಟ್ಟಣದ ಖಾಸಗಿ ಶಾಲೆಯಲ್ಲಿ 12 ಸಾವಿರಕ್ಕೆ ಸೇರಿದವನ ಕಥೆಯೇನು? ಸಂಬಳದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬ್ಯಾಂಕಿಗೆ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಸಂಬಳ ಕೊಡದ ಶಾಲೆಯಾದರೆ ಆ ಎರಡು ತಿಂಗಳು ಕಂತು ಕಟ್ಟುವುದು ಅಪ್ಪನೇ. ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸುವವ, ಬಸ್ಸಿನ ಬಾಗಿಲಲ್ಲಿ ಮಕ್ಕಳನ್ನು ಎಣಿಸುವವ, ಆಗಸ್ಟ್ 15ರ ಕವಾಯತಿಗೆ ಬಿಸಿಲಲ್ಲಿ ಬೇಯುವವ, ಗಣಿತದ ಮೇಷ್ಟ್ರು ರಜೆ ಹಾಕಿದರೆ ತರಗತಿ ಕಾಯುವವ, ಎಲ್ಲವೂ ಇವನೇ. ಆದರೆ ಸಂಬಳದ ಪಟ್ಟಿಯಲ್ಲಿ ಮಾತ್ರ ಇವನ ಹೆಸರು ಕೊನೆಗೆ.

ಇದು ಕೇವಲ ಖಾಸಗಿಯವರ ದುರಾಸೆಯೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆರೆದು ನೋಡಿ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಬೋಧಕರು ಬೇಕು ಎಂದಿದೆ. ಎಂಥ ಬೋಧಕರು? ಅರೆಕಾಲಿಕ ಬೋಧಕರು! ನೂರು ದಾಟದ ಶಾಲೆಗೆ ಅದೂ ಇಲ್ಲ. ಐದನೆಯ ತರಗತಿಯವರೆಗಿನ ಎಳೆಯ ಮಕ್ಕಳ ವಿಷಯದಲ್ಲಿ ಅನುಸೂಚಿ ಮೌನವಾಗಿದೆ. ಓಡಬೇಕಾದ ವಯಸ್ಸಿನಲ್ಲಿ ಓಡಿಸುವವರಿಲ್ಲ.

ವಿಪರ್ಯಾಸವೆಂದರೆ, ಉದ್ಯೋಗವನ್ನು ಅರೆಕಾಲಿಕವಾಗಿಸಿದ ವ್ಯವಸ್ಥೆಯೇ ವ್ಯಾಸಂಗವನ್ನು ದುಪ್ಪಟ್ಟು ಮಾಡಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಂದ ಬಳಿಕ ಒಂದು ವರ್ಷದ ಬಿ.ಪಿ.ಎಡ್. ಎರಡು ವರ್ಷದ್ದಾಯಿತು. ಅಂಗರಚನೆ, ಗಾಯಗಳ ಆರೈಕೆ, ತರಬೇತಿಯ ವಿಜ್ಞಾನ ಇವನ್ನೆಲ್ಲ ಒಂದು ವರ್ಷದಲ್ಲಿ ಕಲಿಸಲಾಗದು ಎಂಬ ವಾದದಲ್ಲಿ ಹುರುಳಿದೆ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡನೆಯ ವರ್ಷದ ಖರ್ಚು ಯಾರ ಹೆಗಲಿಗೆ ಬಿತ್ತು? ಒಂದು ವರ್ಷದ ಶುಲ್ಕ ಮಾತ್ರವಲ್ಲ, ದುಡಿಯಬಹುದಾಗಿದ್ದ ಒಂದು ವರ್ಷದ ಸಂಬಳವೂ ಹೋಯಿತಲ್ಲ? ತಿಂಗಳಿಗೆ 12 ಸಾವಿರವೆಂದರೂ ಅದು ಒಂದು ಲಕ್ಷ 44 ಸಾವಿರ. ಯಾವ ಕಾಲೇಜಿನ ಕರಪತ್ರವೂ ಇದನ್ನು ಖರ್ಚಿನ ಕಾಲಂನಲ್ಲಿ ಬರೆಯುವುದಿಲ್ಲ.

ಬರೆಯದೇ ಉಳಿಯುವ ಲೆಕ್ಕ ಇನ್ನೊಂದಿದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಅಡಮಾನ ಬೇಡ. ಆದರೆ ಹೆತ್ತವರು ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. ಅಂದರೆ ಮಗನಿಗೆ ಕೆಲಸ ಸಿಗದಿದ್ದರೆ ನೋಟೀಸು ಬರುವುದು ಬೀಡಿ ಕಟ್ಟುವ ತಾಯಿಗೆ, ಗುಜರಿ ವ್ಯಾಪಾರದ ತಂದೆಗೆ. ಬ್ಯಾಂಕಿನ ಸಾಲ ಸಾಲದೆ ಬಂದಾಗ ಮನೆಯ ಚಿನ್ನ ಗಿರವಿ ಅಂಗಡಿಗೆ ಹೋಗುತ್ತದೆ. ಅದನ್ನು ಮನೆಯವರು ಸಾಲವೆಂದೂ ಕರೆಯುವುದಿಲ್ಲ; 'ಸ್ವಲ್ಪ ಅಡಚಣೆ' ಎನ್ನುತ್ತಾರೆ.

ಹಾಗಿದ್ದರೆ ಬೇರೆ ಕೋರ್ಸ್ ಹಿಡಿಯಲಿ ಎಂದು ಸುಲಭವಾಗಿ ಹೇಳಿಬಿಡುವವರೊಂದಿಗೆ ನಮ್ಮ ತಕರಾರಿದೆ. ಎಲ್ಲರೂ ಕಂಪ್ಯೂಟರಿನ ಮುಂದೆ ಕುಳಿತರೆ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯುವವರು ಯಾರು? ವಿಶೇಷವಾಗಿ ಹೆಣ್ಣುಮಕ್ಕಳಿಗೆ ಶಿಕ್ಷಕಿಯೊಬ್ಬಳಿದ್ದರೆ ಮೈದಾನಕ್ಕೆ ಕಳುಹಿಸಲು ಒಪ್ಪುವ ಮನೆಗಳು ನಮ್ಮ ಕೇರಿಗಳಲ್ಲಿ ಎಷ್ಟಿಲ್ಲ? ಆ ಶಿಕ್ಷಕಿ ಆಕಾಶದಿಂದ ಇಳಿದು ಬರುವುದಿಲ್ಲ. ಅವಳೂ ಶುಲ್ಕ ಕಟ್ಟಿ, ಸಾಲ ಹೊತ್ತೇ ಬರಬೇಕು. ಅವಳು ಬರಬೇಕೆಂದು ಬಯಸುವ ಸಮುದಾಯ ಅವಳ ಶುಲ್ಕದ ಬಗ್ಗೆಯೂ ಮಾತಾಡಬೇಕು. ಒಂದು ಮದುವೆಯ ಅಲಂಕಾರಕ್ಕೆ ಸುರಿಯುವ ಹಣದಲ್ಲಿ ಇಂಥ ಒಬ್ಬಳ ಎರಡು ವರ್ಷದ ವ್ಯಾಸಂಗ ಮುಗಿಯುತ್ತದೆ, ಬಡ್ಡಿಯ ಗೊಡವೆಯೂ ಇಲ್ಲದೆ.

ಸಹಿ ಹಾಕಲು ಹೊರಟಿರುವ ಯುವಕರಿಗೆ ಒಂದು ಮಾತು. ಕಾಲೇಜಿನ ಪ್ರಾಂಶುಪಾಲರನ್ನು ಕೇಳಬೇಡಿ. ಮೂರು ವರ್ಷದ ಹಿಂದೆ ಅಲ್ಲಿಂದ ಹೊರಬಿದ್ದ ಹತ್ತು ಮಂದಿಯನ್ನು ಹುಡುಕಿ, ಕಳೆದ ತಿಂಗಳು ಕೈಗೆ ಬಂದದ್ದೆಷ್ಟು, ರಜೆಯ ಸಂಬಳ ಬಂತೇ ಎಂದು ಕೇಳಿ. ಆ ಹತ್ತರಲ್ಲಿ ನಡುವೆ ನಿಲ್ಲುವವನ ಸಂಬಳವನ್ನು ಹಿಡಿದುಕೊಳ್ಳಿ, ಮೊದಲನೆಯವನದ್ದನ್ನಲ್ಲ. ಅದರ ಐದನೆಯ ಒಂದು ಭಾಗಕ್ಕಿಂತ ಕಂತು ಹೆಚ್ಚಾಗುವುದಾದರೆ ಸಾಲದ ಮೊತ್ತ ಇಳಿಸಿ, ಇಲ್ಲವೇ ಸರಕಾರಿ ಕಾಲೇಜಿನ ಸೀಟಿಗೆ ಇನ್ನೊಂದು ವರ್ಷ ಕಾಯಿರಿ. ಕಾಯುವ ವರ್ಷದಲ್ಲಿ ದುಡಿದದ್ದು ನಿಮ್ಮದೇ ಆಗಿರುತ್ತದೆ.