ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ



ಬೇಸಾಯದ ಪತ್ರಿಕೆಯಲ್ಲಿ ಕಂಪ್ಯೂಟರಿನ ವಿಚಾರವೇಕೆ ಎಂದು ನೀವು ಕೇಳಬಹುದು. ಪಹಣಿ, ಬೆಳೆ ವಿಮೆ, ಸಹಕಾರ ಸಂಘದ ಸಾಲದ ಲೆಕ್ಕ ಇವೆಲ್ಲವೂ ಇಂದು ಕಂಪ್ಯೂಟರಿನ ಮೂಲಕವೇ ನಮ್ಮ ಕೈಸೇರುತ್ತಿವೆ. ನೇಗಿಲು, ಪಂಪ್‌ಸೆಟ್ಟುಗಳಂತೆ ಇದೂ ಒಂದು ಬೇಸಾಯದ ಉಪಕರಣವೇ ಸರಿ. ಸಂಘವಾಗಲಿ ಶಾಲೆಯಾಗಲಿ ಅದರ ಮೇಲೆ ಮಾಡುವ ಖರ್ಚು ಕೊನೆಗೆ ನಮ್ಮ ಹಣವೇ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಹಾಕಬೇಕಾದರೆ ಹೊಸ ಮಾದರಿಯ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಹೀಗಾಗಿ ಪರದೆ, ಕೀಲಿಮಣೆ ಎಲ್ಲವೂ ಸುಸ್ಥಿತಿಯಲ್ಲಿರುವ ಎಷ್ಟೋ ಯಂತ್ರಗಳು ಮೂಲೆ ಸೇರುವ ಸ್ಥಿತಿಗೆ ಬಂದಿವೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಶಾಲೆ, ಗ್ರಂಥಾಲಯ, ಸಂಘಗಳಲ್ಲಿ ಇಂಥವು ಇದ್ದರೆ ಗುಜರಿಗೆ ಹಾಕುವ ಅವಸರ ಬೇಡ. ಎಲ್ಲವನ್ನೂ ಹೊಸದಾಗಿ ಕೊಳ್ಳುವ ಅವಸರವೂ ಬೇಡ ಎಂಬುದು ನನ್ನ ಅಭಿಪ್ರಾಯ.

ಕುಣಿಗಲ್ ಕೆರೆಯನ್ನು ನೆನೆಯಿರಿ. ಅಚ್ಚುಕಟ್ಟಿನ ಪ್ರತಿ ಗದ್ದೆಗೂ ಒಂದೊಂದು ಕೆರೆ ಕಟ್ಟುವುದಿಲ್ಲ. ನೀರು ಒಂದೆಡೆ ನಿಲ್ಲುತ್ತದೆ. ತೂಬು, ಕಾಲುವೆಗಳು ಅದನ್ನು ಗದ್ದೆಗೆ ಮುಟ್ಟಿಸುತ್ತವೆ. ಕಂಪ್ಯೂಟರಿನಲ್ಲೂ ಹೀಗೆಯೇ ಮಾಡಬಹುದು. ಶಕ್ತಿಯುತವಾದ ಒಂದೇ ಯಂತ್ರವನ್ನು, ಅಂದರೆ ಸರ್ವರನ್ನು, ಕೊಂಡು ಅದರೊಳಗೆ ಹಲವು ‘ವರ್ಚುವಲ್ ಮೆಷಿನ್’ಗಳನ್ನು ರಚಿಸಲಾಗುತ್ತದೆ. ಒಂದೊಂದೂ ಬೇರೆ ಕಂಪ್ಯೂಟರಿನಂತೆಯೇ ವರ್ತಿಸುತ್ತದೆ. ಹಳೆಯ ಯಂತ್ರಗಳು ಆ ಸರ್ವರಿನ ಕೆಲಸವನ್ನು ಪರದೆಯ ಮೇಲೆ ತೋರಿಸುತ್ತವೆ. ನಾವು ಒತ್ತಿದ ಅಕ್ಷರಗಳನ್ನು ಅದಕ್ಕೆ ಮುಟ್ಟಿಸುತ್ತವೆ. ಇಂಥ ಯಂತ್ರಕ್ಕೆ ಥಿನ್ ಕ್ಲೈಂಟ್ ಎಂದು ಹೆಸರು. ಭಾರವೆಲ್ಲ ಸರ್ವರಿನದಾದ್ದರಿಂದ ಎರಡು ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರವೂ ಇದಕ್ಕೆ ಸಾಕಾಗುತ್ತದೆ.

ಈ ಕ್ರಮ ತೀರ ಹೊಸದೇನೂ ಅಲ್ಲ. ಲಿನಕ್ಸ್ ಬಳಸಿ ಹಲವು ಕಂಪ್ಯೂಟರುಗಳನ್ನು ಒಂದೇ ಸರ್ವರಿನಿಂದ ನಡೆಸುವ ಎಲ್‌ಟಿಎಸ್‌ಪಿ ಯೋಜನೆ 1999ರಲ್ಲಿಯೇ ಆರಂಭವಾಯಿತು. ಒಂದು ಯಂತ್ರದಲ್ಲಿ ಹಲವು ವರ್ಚುವಲ್ ಮೆಷಿನ್‌ಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ಎಂಬ ಮುಕ್ತ ತಂತ್ರಾಂಶ 2008ರಿಂದ ಲಭ್ಯವಿದೆ. ದಾಖಲೆ ಒಂದು ಕಡೆ, ಅದನ್ನು ನೋಡುವ ಕಿಟಕಿ ಹಲವು ಕಡೆ ಎಂಬ ತತ್ವ ನಮ್ಮ ‘ಭೂಮಿ’ ಯೋಜನೆಯ ಪಹಣಿಯಲ್ಲೂ ಇದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ, 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣ ಯೋಜನೆಯೂ ಇದೇ ಜಾಡಿನದು. ಆದರೆ ಆ ಯೋಜನೆಯಲ್ಲಿ ಲೆಕ್ಕ ಬರೆಯುವ ಯಂತ್ರವನ್ನು ಯಾರೂ ಮುಟ್ಟತಕ್ಕದ್ದಲ್ಲ. ನಾನು ಹೇಳುತ್ತಿರುವುದು ಮಕ್ಕಳ ಕಲಿಕೆ, ಗ್ರಂಥಾಲಯ, ಅರ್ಜಿ ಮತ್ತು ಪತ್ರ ವ್ಯವಹಾರಗಳ ಮಾತು.

ಕೆರೆ ಬತ್ತಿದರೆ ಎಲ್ಲ ತೂಬುಗಳೂ ಒಣಗುತ್ತವೆ. ಇದೇ ಈ ಕ್ರಮದ ದೊಡ್ಡ ದೋಷ. ಸರ್ವರ್ ಕೆಟ್ಟ ದಿನ ಎಲ್ಲ ಪರದೆಗಳೂ ಒಟ್ಟಿಗೆ ಕತ್ತಲಾಗುತ್ತವೆ. ಆದ್ದರಿಂದ ಕೆಳಗಿನ ಅಂಶಗಳನ್ನು ಖಚಿತಪಡಿಸಿಕೊಳ್ಳದೆ ಇದಕ್ಕೆ ಕೈಹಾಕಬಾರದು:

1. ಸರ್ವರ್ ಅದೇ ಕಟ್ಟಡದಲ್ಲಿರಲಿ. ಸಂಪರ್ಕ ತಂತಿಯ ಮೂಲಕವೇ ಇರಲಿ. ಅದು ದೂರದೂರಿನಲ್ಲಿದ್ದರೆ ಇಂಟರ್‌ನೆಟ್ ನಿಂತೊಡನೆ ಕೆಲಸವೂ ನಿಲ್ಲುತ್ತದೆ.

2. ಆರು ಜನ ಒಟ್ಟಿಗೆ ಬಳಸುವುದಾದರೆ, ತಲಾ ನಾಲ್ಕು ಜಿಬಿಯಂತೆ 24 ಜಿಬಿ, ಸರ್ವರಿನ ಸ್ವಂತ ಕೆಲಸಕ್ಕೆ ಇನ್ನಷ್ಟು ಸೇರಿ 32 ಜಿಬಿ ರ‍್ಯಾಮ್ ಇರಲಿ. ಇದಕ್ಕಿಂತ ಕಡಿಮೆಯಾದರೆ ಕೊನೆ ಮಡಿಗೆ ನೀರು ಹರಿಯದಂತಾದೀತು.

3. ಸರ್ವರಿಗೆ ಯುಪಿಎಸ್ ಕಡ್ಡಾಯ. ದಾಖಲೆಗಳ ಪ್ರತಿಯನ್ನು ದಿನವೂ ಬೇರೊಂದು ಡಿಸ್ಕಿಗೆ ತೆಗೆದಿಡಬೇಕು.

4. ಹಳೆಯ ಯಂತ್ರದಿಂದ ವಿಂಡೋಸ್ 10 ತೆಗೆದು, ಈಗಲೂ ಭದ್ರತಾ ಪರಿಷ್ಕರಣೆ ಸಿಗುತ್ತಿರುವ ಹಗುರವಾದ ಲಿನಕ್ಸ್ ಹಾಕಬೇಕು. ವರ್ಚುವಲ್ ಮೆಷಿನ್‌ನೊಳಗೆ ವಿಂಡೋಸ್ ಬೇಕಾದರೆ ಅದಕ್ಕೂ ಪರವಾನಗಿ ಕೊಳ್ಳಬೇಕು. ಲಿನಕ್ಸಿಗೆ ಆ ಖರ್ಚಿಲ್ಲ.

5. ಕೆರೆಗೆ ನೀರಗಂಟಿ ಇರುವಂತೆ ಸರ್ವರಿಗೂ ಊರಿನಲ್ಲೇ ಒಬ್ಬರು ತಿಳಿದವರಿರಬೇಕು. ಪ್ರತಿ ಸಣ್ಣ ತೊಂದರೆಗೂ ತುಮಕೂರಿನಿಂದ ಜನ ಬರಬೇಕಾದರೆ ಉಳಿಸಿದ ಹಣ ಅವರ ಓಡಾಟಕ್ಕೇ ಹೋಗುತ್ತದೆ.

ವಿದ್ಯುತ್ತಿನ ಲೆಕ್ಕವನ್ನೂ ಮುಚ್ಚಿಡಬಾರದು. 80 ವ್ಯಾಟಿನ ಹಳೆಯ ಯಂತ್ರ ದಿನಕ್ಕೆ ಎಂಟು ಗಂಟೆ ನಡೆದರೆ 0.64 ಯೂನಿಟ್ ಬೇಕು. ಇದೇ ಕೆಲಸಕ್ಕೆಂದು ತಯಾರಾದ 10 ವ್ಯಾಟಿನ ಸಣ್ಣ ಯಂತ್ರಕ್ಕೆ 0.08 ಯೂನಿಟ್ ಸಾಕು. ಹಳೆಯದು ಥಿನ್ ಕ್ಲೈಂಟ್ ಆದ ಮಾತ್ರಕ್ಕೆ ಅದರ ವಿದ್ಯುತ್ ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. ಆದ್ದರಿಂದ ಇರುವ ಯಂತ್ರ ಬಾಳುವಷ್ಟು ದಿನ ಬಾಳಲಿ. ಅದು ಕೆಟ್ಟಾಗ ಅದರ ಜಾಗಕ್ಕೆ ಸಣ್ಣ ಯಂತ್ರ ಬರಲಿ. ರಿಪೇರಿಗೆಂದು ಮತ್ತೆ ಮತ್ತೆ ಹಣ ಸುರಿಯುವುದು ಗೊಡ್ಡು ಹಸುವಿಗೆ ಹಿಂಡಿ ಹಾಕಿದಂತೆ.

ಕೊನೆಗೆ ಗುಜರಿಗೆ ಹೋಗುವ ಯಂತ್ರದ ವಿಷಯ. ಅದರ ಹಾರ್ಡ್‌ಡಿಸ್ಕಿನಲ್ಲಿ ಸದಸ್ಯರ ಆಧಾರ್, ಬ್ಯಾಂಕ್ ಖಾತೆಯ ವಿವರಗಳು ಉಳಿದಿರಬಹುದು. ‘ಡಿಲೀಟ್’ ಒತ್ತಿದರಷ್ಟೇ ಸಾಲದು. ಡಿಸ್ಕನ್ನು ಪೂರ್ತಿಯಾಗಿ ಅಳಿಸಬೇಕು, ಇಲ್ಲವೇ ಒಡೆದುಹಾಕಬೇಕು. ಹಳೆಯ ಪೆಟ್ಟಿಗೆಯಂಥ ಮಾನಿಟರುಗಳ ಗಾಜಿನಲ್ಲಿ ಸೀಸವಿರುತ್ತದೆ. ಅದನ್ನು ಹೊಲದ ಬದುವಿನಲ್ಲಿ ಒಡೆದರೆ ವಿಷ ನಮ್ಮ ಮಣ್ಣಿಗೇ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಇವನ್ನು ನೋಂದಾಯಿತ ಮರುಬಳಕೆ ಘಟಕಗಳಿಗೇ ತಲುಪಿಸಬೇಕು.

ಸಂಘದ ಮುಂದಿನ ಮಹಾಸಭೆಯಲ್ಲಿ ಕಂಪ್ಯೂಟರ್ ಖರೀದಿಯ ವಿಷಯ ಬಂದರೆ ಎದ್ದುನಿಂತು ಮೂರು ಪ್ರಶ್ನೆ ಕೇಳಿರಿ: ಹಳೆಯವು ಎಷ್ಟು ಸುಸ್ಥಿತಿಯಲ್ಲಿವೆ? ಒಂದು ಸರ್ವರಿನಿಂದ ಅವನ್ನು ನಡೆಸಲಾಗದೆ? ಅದನ್ನು ನೋಡಿಕೊಳ್ಳುವವರು ಯಾರು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ, ಮೊದಲೆರಡಕ್ಕೆ ಎಂಥ ಒಳ್ಳೆಯ ಉತ್ತರ ಬಂದರೂ ಹಣ ಮಂಜೂರು ಮಾಡಬೇಡಿ.